ಗ್ಯಾಸ್ ಫ್ರಿಜ್ಜು, ದೋಣಿ ಮನಿ, ಮತ್ತ ‘ಏನೂ ಆಗಂಗಿಲ್ಲ ಬಿಡ್ರಿ’

ಹೋದ ಐತವಾರ ನಮ್ಮ ದೋಣಿಗೆ ಇಬ್ಬರು ಬಂದಿದ್ರು. ಹುಬ್ಬಳ್ಳಿ ಹುಡುಗ, ಗದಗಿನ ಹುಡುಗಿ, ಸಂಗ್ತೀಲೆ ಎರಡು ವರ್ಷದ್ದೊಂದು ಕೂಸು. ಇಂಗ್ಲಂಡಿಗೆ ಬಂದು ಮೂರು ವರ್ಷ ಆತಂತ. ಮನಿ ಬಾಡಿಗಿ ಕಟ್ಟಿ ಕಟ್ಟಿ ಸಾಕಾಗಿ, ನಮ್ಮಂಗ ಕಾಲುವಿ ಮ್ಯಾಲ ದೋಣಿ ತಗೊಂಡು ಇರ್ತೇವಿ ಅಂತ ನಿಶ್ಚಯ ಮಾಡ್ಯಾರ. ಹಳೇ ದೋಣಿ, ದುಡ್ಡು ಕೊಟ್ಟೂ ಆಗೇದ. ಥಂಡಿ ಬರೂದ್ರಾಗ ಒಳಗ ಹೋಗಬೇಕಂತ.

ನನಗ ಭಾಳ ಖುಷಿ ಆತು. ಅವಲಕ್ಕಿ ಹಚ್ಚಿ, ಚಾ ಮಾಡಿ ಕೊಟ್ಟೆ. ನೀರು ಎಲ್ಲೆ ತುಂಬ್ಕೋಬೇಕು, ಅರಬಿ ಎಲ್ಲೆ ಒಣಾ ಹಾಕಬೇಕು ಅಂತ ಎಲ್ಲಾ ಹೇಳಿದೆ. ಹೊಂಡೂ ಹೊತ್ತಿಗೆ ಆ ಹುಡುಗ ಅಂದಾ, “ಅಕ್ಕಾರ, ಫ್ರಿಜ್ ಒಂದು ಭಾಳ ಸೋವಿ ಸಿಕ್ಕದರೀ. ಹಳೇ ಕಾರವಾನಿಂದು ಬಿಚ್ಚಿದ್ದು, ಗ್ಯಾಸಿನ ಮ್ಯಾಲ ನಡೀತದ. ಬಾಜೂ ದೋಣಿಯವ್ರು ಅರ್ಧ ದಿನದಾಗ ಕೂಡಿಸಿ ಕೊಡ್ತೇನಿ ಅಂದಾರ. ರೊಕ್ಕ ಕೈಯಾಗ ಕೊಟ್ರ ಸಾಕಂತ.”

“ಪರವಾನಗಿ ಇದ್ದವರೇನು?” ಅಂದೆ.

“ಏ, ಅವರು ಮೂವತ್ತು ವರ್ಷದಿಂದ ದೋಣಿಯಾಗ ಇದ್ದಾರರೀ. ಏನೂ ಆಗಂಗಿಲ್ಲ ಬಿಡ್ರಿ ಅಂದ್ರು.”

ನಾ ಅಲ್ಲೇ ಸಿಟ್ಟಿಗೆದ್ದೆ. ಏನೇನೋ ಅಂದೆ. ನಮ್ಮನಿಯವರು ಗಪ್ಪ ಕೂತಿದ್ರು. ಆ ಹುಡುಗಿ ಮಾರಿ ಸಣ್ಣ ಆತು. ಕೂಸು ನನ್ನ ದನಿ ಕೇಳಿ ಅಳಲಿಕ್ಕೆ ಹತ್ತಿತು. ಅವರು ಹೋದ ಮ್ಯಾಲೆ ನಮ್ಮನಿಯವರು, “ಬಂದವ್ರಿಗೆ ಹಂಗ ಅನಬಾರದಿತ್ತು” ಅಂದ್ರು. ಖರೇ, ಹಂಗ ಅನಬಾರದಿತ್ತು. ಸಮಾಧಾನದಿಂದ ಹೇಳಬೇಕಿತ್ತು. ಅದಕ್ಕ ಈಗ ಕೂತು ಬರಿಯಾಕತ್ತೇನಿ. ಅವರೂ ಓದ್ತಾರ ಅಂತ ಆಶಾ. ಊರಾಗ ಇರೋ ನಿಮಗ ಇದರಾಗ ಏನದ ಅಂತೀರೇನು? ಪೂರ್ತಿ ಓದ್ರಿ. ‘ಏನೂ ಆಗಂಗಿಲ್ಲ ಬಿಡ್ರಿ’ ಅನ್ನೋ ಮಾತು ಧಾರವಾಡದಾಗೂ ಅಷ್ಟೇ ಸೋವಿ.

ಮೊದಲ ದೋಣಿ ಅಂದ್ರ ಎಂಥಾದ್ದು ಹೇಳತೇನಿ. ಇಲ್ಲಿ ಕಾಲುವಿಗೋಳು ಎರಡು ನೂರು ವರ್ಷದ ಹಿಂದ ಕಲ್ಲಿದ್ದಲಿ ಸಾಗಸಲಿಕ್ಕೆ ತೋಡಿದ್ವು. ಅದರಾಗ ಓಡಾಡೋ ನ್ಯಾರೋಬೋಟ್ ಅಂದ್ರ ಅಗಲ 6 ಅಡಿ 10 ಇಂಚು, ಅಷ್ಟೇ. ಉದ್ದ ಬೇಕಾದ್ರ 70 ಅಡಿ ತನಕ. ನಮ್ಮದು 57 ಅಡಿ. ಚಾಳಿನ ಒಂದು ಪಡಸಾಲಿ ಕೊಯ್ದು ನೀರಾಗ ಬಿಟ್ಟಂಗ ತಿಳೀರಿ. ಅದರಾಗ ಅಡಗಿ ಮನಿ, ಬಚ್ಚಲಾ, ಹಾಸಗಿ, ಸೌದಿ ಒಲಿ ಎಲ್ಲಾ ಒಂದರ ಹಿಂದ ಒಂದು. ಗ್ವಾಡಿ ಉಕ್ಕಿಂದು, ತಳಾನೂ ಉಕ್ಕಿಂದು. ಮುಂದಿನ ಮೂತಿಯೊಳಗ ಒಂದು ಪೆಟಗಿ ಮಾಡಿ, ಅದರಾಗ 13 ಕಿಲೋದ ಕೆಂಪು ಪ್ರೊಪೇನ್ ಸಿಲಿಂಡರ್ ಇಟ್ಟಿರ್ತಾರ. ಬ್ಯೂಟೇನ್ ಇಲ್ಲಿ ಥಂಡ್ಯಾಗ ಕೆಲಸಕ್ಕ ಬರಂಗಿಲ್ಲ. ಸೊನ್ನಿ ಡಿಗ್ರಿ ಹತ್ರ ಬಂತಂದ್ರ ಅದು ಗ್ಯಾಸ್ ಆಗೂದನ ಬಿಡ್ತದ.

ಇನ್ನ ಕರೆಂಟು. ನಡುವ ಕಾಲುವಿಯೊಳಗ ಕಂಬ ಎಲ್ಲಿಂದ ಬರಬೇಕು? ಬ್ಯಾಟರಿ ಇರ್ತಾವ, ಮ್ಯಾಲ ಸೋಲಾರ್ ಹಲಿಗಿ ಇರ್ತಾವ. ಡಿಸೆಂಬರ್, ಜನವರಿಯೊಳಗ ಸೂರ್ಯಾ ಮಾರಿ ತೋರಸಂಗಿಲ್ಲ. ಆವಾಗ ಎಂಜಿನ್ ಓಡಿಸಿ ಬ್ಯಾಟರಿ ತುಂಬಬೇಕು. ರಾತ್ರಿ 8ರಿಂದ ಮುಂಜಾನಿ 8ರ ತನಕ ಕರೆಂಟಿಗಂತ ಎಂಜಿನ್ ಓಡಸಬಾರದು ಅಂತ ನಿಯಮ ಬ್ಯಾರೆ. ಹಿಂಗಾಗಿ ಗ್ಯಾಸ್ ಫ್ರಿಜ್ಜಿನ ಮ್ಯಾಲ ದೋಣಿ ಮಂದಿಗೆ ಮೊದಲಿಂದಾನೂ ಪ್ರೀತಿ. ಬ್ಯಾಟರಿ ಬ್ಯಾಡ, ಸಪ್ಪಳ ಇಲ್ಲ, ದಿನಕ್ಕ ಸುಮಾರು ಕಾಲು ಕಿಲೋ ಗ್ಯಾಸ್ ತಿಂದು ಹಾಲು ಮಸರು ಕಾಯ್ತದ. ಆ ಹುಡುಗನ ಆಶಾ ನನಗ ತಿಳೀತದ. ನಾವೂ ಅದೇ ಆಶಾ ಬಿದ್ದವರ.

ಉರಿ ಹಚ್ಚಿದ್ರ ಥಂಡ ಹೆಂಗ ಆಗ್ತದ ಅಂತ ನಮ್ಮವ್ವ ಫೋನಿನಾಗ ಹತ್ತು ಸಲ ಕೇಳ್ಯಾಳ. 1922ರೊಳಗ ಸ್ಟಾಕ್‌ಹೋಮಿನಾಗ ಓದೋ ಇಬ್ಬರು ಹುಡುಗರು, ಫಾನ್ ಪ್ಲಾಟೆನ್ ಮತ್ತ ಮುಂಟೆರ್ಸ್ ಅಂತ, ಇದನ್ನ ಕಂಡು ಹಿಡದ್ರು. ಕೊಳವಿಯೊಳಗ ಅಮೋನಿಯಾ, ನೀರು, ಹೈಡ್ರೋಜನ್ ತುಂಬಿ ಮುಚ್ಚಿರ್ತಾರ. ಕೆಳಗ ಸಣ್ಣ ಉರಿ. ಕಾವಿಗೆ ಅಮೋನಿಯಾ ನೀರು ಬಿಟ್ಟು ಏಳ್ತದ, ಮ್ಯಾಲ ಹೋಗಿ ತಣ್ಣಗಾಗಿ ದ್ರವ ಆಗ್ತದ, ಫ್ರಿಜ್ಜಿನೊಳಗ ಆವಿ ಆಗೂ ಮುಂದ ಅಲ್ಲಿಯ ಶಾಖ ಎಳಕೋತದ, ತಿರುಗಿ ನೀರಾಗ ಕರಗ್ತದ. ಮೋಟರ್ ಇಲ್ಲ, ಪಂಪ್ ಇಲ್ಲ. ಕರೆಂಟ್ ಇರದ ಊರಿನ ದವಾಖಾನಿಗೋಳೊಳಗ ಲಸಿಕಿ ಇಡಲಿಕ್ಕೆ ಇದೇ ಜಾತಿ ಫ್ರಿಜ್ಜು ಸೀಮಿಎಣ್ಣಿ ಮ್ಯಾಲ ನಡಸ್ತಿದ್ರು. ಹಂಗಾಗಿ ನನ್ನ ಜಗಳ ಈ ಯಂತ್ರದ ಕೂಡ ಅಲ್ಲ. ಅದನ್ನ ಎಲ್ಲಿ ಇಡ್ತೀರಿ, ಹೆಂಗ ಇಡ್ತೀರಿ, ಯಾರ ಕೈಲೆ ಕೂಡಸ್ತೀರಿ ಅನ್ನೋದರ ಕೂಡ.

ನಮ್ಮವ್ವನ ಅಡಗಿ ಮನಿಯೊಳಗ ಒಂದು ನಿಯಮ ಇತ್ತು. ರಾತ್ರಿ ಕಟ್ಟಿ ಒರಸಿದ ಮ್ಯಾಲೆ, ಹಾಲಿಗೆ ಹೆಪ್ಪು ಹಾಕಿದ ಮ್ಯಾಲೆ, ಕಡೀಕ ರೆಗ್ಯುಲೇಟರ್ ಬಂದ್ ಮಾಡೂದು. ಮಲಗಿದ ಮ್ಯಾಲೂ ಅಪ್ಪ ಒಮ್ಮೆ ಕೂಗಿ ಕೇಳ್ತಿದ್ರು, “ಗ್ಯಾಸ್ ಬಂದ್ ಮಾಡೀಯೇನು?” ನಿಮ್ಮ ಮನ್ಯಾಗೂ ಹಿಂಗ ಇರಬೇಕು. ಅಡಗಿ ಒಲಿ ಹಚ್ಚಿದಾಗ ನಾವು ಎದುರಿಗೆ ನಿಂತಿರ್ತೇವಿ. ಉರಿ ಕಾಣ್ತದ, ಆರಿದ್ರ ಗೊತ್ತಾಗ್ತದ, ಕೆಲಸ ಮುಗೀತಂದ್ರ ಆರಸ್ತೇವಿ.

ಗ್ಯಾಸ್ ಫ್ರಿಜ್ಜಿಗೆ ಈ ನಿಯಮ ಹತ್ತಂಗಿಲ್ಲ. ಅದು ಇಪ್ಪತ್ನಾಕು ತಾಸು ಉರೀಬೇಕು. ನೀವು ಮಲಗಿದಾಗ ಉರೀತದ, ನೀವು ಪ್ಯಾಟಿಗೆ ಹೋದಾಗ ಉರೀತದ. ಉರಿ ಹಿಂದ, ತಳದಾಗ, ಕಾಣದ ಜಾಗಾದಾಗ ಇರ್ತದ. ಡೀಸೆಲ್ ತುಂಬೂ ಮುಂದ ಎಲ್ಲಾ ಉರಿ ಆರಸ್ರಿ ಅಂತಾರ. ಅಡಗಿ ಒಲಿ ನೆನಪಾಗ್ತದ, ಫ್ರಿಜ್ಜು ಮರೀತದ. ಫ್ರಿಜ್ಜು ಅಂದ ಕೂಡಲೇ ನಮ್ಮ ಮನಸಿಗೆ ಥಂಡ ಬರ್ತದ ಹೊರತು ಬೆಂಕಿ ಬರಂಗಿಲ್ಲ. ಪೆಟ್ರೋಲ್ ಎಂಜಿನ್ ಇದ್ದ ದೋಣಿಯೊಳಗಂತೂ ಇಂಥಾ ಮರವು ಭಾಳ ದುಬಾರಿ. ಅದಕ್ಕ ಅಂಥಾ ದೋಣಿಗೆ ಫ್ರಿಜ್ಜಿನ ಉರಿ ಬಗ್ಗೆ ನಿಯಮ ಇನ್ನಷ್ಟು ಬಿಗಿ ಇಟ್ಟಾರ.

ಈಗ ‘ಏನೂ ಆಗಂಗಿಲ್ಲ’ ಅನ್ನೋರ ಮಾತು ಒಂದೊಂದಾಗಿ ತಗೊಳ್ಳೋಣು.

ಮೊದಲನೇದು, “ಕಾರವಾನಿನ್ಯಾಗ ನಡೀತದ, ದೋಣಿಯೊಳಗ ಯಾಕ ನಡ್ಯಾಂಗಿಲ್ಲ?”

ಕೇಳಲಿಕ್ಕೆ ಶಾಣ್ಯಾ ಮಾತು. ಪ್ರೊಪೇನ್ ಗಾಳಿಗಿಂತ ಹತ್ರಹತ್ರ ಒಂದೂವರಿ ಪಟ್ಟು ಭಾರ. ಸೋರಿದ್ರ ನೀರಿನಂಗ ಕೆಳಗ ಹರದು ಹೋಗ್ತದ. ಕಾರವಾನಿನ ನೆಲಕ್ಕ ಅದಕ್ಕಂತ ತೂತು ಬಿಟ್ಟಿರ್ತಾರ. ಸೋರಿದ ಗ್ಯಾಸ್ ಆ ತೂತಿನಿಂದ ರಸ್ತೆಕ್ಕ ಬಿದ್ದು ಗಾಳಿಯೊಳಗ ಹೋಗ್ತದ. ದೋಣಿ ತಳಕ್ಕ ತೂತು ಹೊಡೀತೀರೇನು? ದೋಣಿ ಅಂದ್ರ ಒಂದು ಉದ್ದನ್ನ ಬೋಗುಣಿ. ಅದರಾಗ ಬಿದ್ದ ಗ್ಯಾಸ್ ಅಲ್ಲೇ ಹಲಿಗಿ ಕೆಳಗ ಕೂಡ್ತದ. ನಾಕು ದಿನ ಬಿಟ್ರೂ ತಾನಾಗೇ ಏಳಂಗಿಲ್ಲ.

ಇನ್ನೊಂದು ಫರಕು. ಕಾರವಾನಿನ ಫ್ರಿಜ್ಜಿನ ಹಿಂದಿನ ಭಾಗ ಒಳಗಿನ ಮನಿಗೆ ಪೂರ್ತಿ ಮುಚ್ಚಿರ್ತದ. ಹಿಂದಿನ ಗ್ವಾಡಿಗೆ ಕೆಳಗೊಂದು, ಮ್ಯಾಲೊಂದು ಜಾಳಗಿ. ಉರಿಗೆ ಬೇಕಾದ ಗಾಳಿ ಹೊರಗಿಂದ ಬರ್ತದ, ಹೊಗಿ ಹೊರಗ ಹೋಗ್ತದ. ಅಂದ್ರ ಫ್ರಿಜ್ಜು ಒಳಗ, ಉರಿ ಹೊರಗ. ದೋಣಿಯೊಳಗ ಫ್ರಿಜ್ಜಿನ ಹಿಂದ ಇರೂದು ದೋಣಿಯ ಪಕ್ಕಿ, ಅದರಾಚಿಗೆ ನೀರು. ನೀರಿನ ಮಟ್ಟಕ್ಕ ಜಾಳಗಿ ಕೊಯ್ಲಿಕ್ಕೆ ಆಗಂಗಿಲ್ಲ. ಅದಕ್ಕ ‘ಅರ್ಧ ದಿನದ ಕೆಲಸ’ ಮಾಡವ್ರು ಏನು ಮಾಡ್ತಾರ? ಫ್ರಿಜ್ಜು ತಂದು ಕಟ್ಟಿ ಕೆಳಗ ತುರುಕತಾರ, ಪೈಪ್ ಹಚ್ಚತಾರ, ಹಿಂಭಾಗ ಮನಿಯೊಳಗೇ ತೆರಕೊಂಡಿರ್ತದ. ಆ ಉರಿ ನೀವು ಉಸರಾಡೋ ಗಾಳೀನ ತಿಂದು, ತನ್ನ ಹೊಗಿ ನಿಮ್ಮ ಕ್ವಾಣ್ಯಾಗ ಬಿಡ್ತದ. ಯಂತ್ರ ಅದೇ, ಆದ್ರ ಕೆಲಸ ಬ್ಯಾರೆ ಆತಲ್ಲ?

ಫ್ರಿಜ್ಜಿನ ಸಂಗ್ತೀಲೆ ಬರೋ ಪುಸ್ತಕ ಓದ್ರಿ ಅಂತ ಹೇಳೂದು ಇದಕ್ಕ. ತಯಾರು ಮಾಡಿದವರೇ ಇದು ದೋಣಿಗಲ್ಲ ಅಂತ ಬರದಿದ್ರ, ಖರೇ ಗ್ಯಾಸಿನವ್ರು ಅದನ್ನ ಕೂಡಸಲಿಕ್ಕೆ ಒಪ್ಪಂಗಿಲ್ಲ. ಒಪ್ಪವರು ಸಿಕ್ಕರಂದ್ರ ಅವರು ಪುಸ್ತಕ ಓದಿಲ್ಲ ಅಂತ ತಿಳೀರಿ.

ಎರಡನೇದು, “ಎಷ್ಟರೀ ಉರಿ, ಊದಿನಕಡ್ಡಿಯಷ್ಟು.”

ಹೌದು, ಸಣ್ಣದು. ಕಾಲು ಕಿಲೋವ್ಯಾಟ್ ಆಜೂಬಾಜೂ. ಆದ್ರ ಒಂದು ಲೆಕ್ಕ ಅದ, ಕಲಕೋರಿ. ದೋಣಿಗೆ ಎಷ್ಟು ಗಾಳಿ ಕಿಂಡಿ ಬೇಕು ಅಂತ ಇಲ್ಲಿಯ ಸುರಕ್ಷಾ ಯೋಜನೆಯವರು ಒಂದು ಸೂತ್ರ ಇಟ್ಟಾರ. ಹೊಗಿ ಕೊಳವಿ ಇರದ ಉರಿಗೆ ಪ್ರತಿ ಕಿಲೋವ್ಯಾಟಿಗೆ 2200 ಚದರ ಮಿಲಿಮೀಟರ್. ಹೊಗಿ ಕೊಳವಿ ಇದ್ದು ಒಳಗಿನ ಗಾಳಿ ತಗೊಳ್ಳೋ ಉರಿಗೆ ಪ್ರತಿ ಕಿಲೋವ್ಯಾಟಿಗೆ 440. ಒಬ್ಬ ಮನುಷ್ಯಾಗ 650. ಎಲ್ಲಾ ಕೂಡಿಸಿ ಬಂದದ್ದರಾಗ ಅರ್ಧ ಮ್ಯಾಲ, ಅರ್ಧ ಕೆಳಗ ಬಿಡಬೇಕು.

ಈಗ 7 ಕಿಲೋವ್ಯಾಟಿನ ಅಡಗಿ ಒಲಿಗೆ 15,400. ಮುಕ್ಕಾಲು ಪಾಲು ಅಂತ ಹಿಡೀದ 0.3 ಕಿಲೋವ್ಯಾಟಿನ ಫ್ರಿಜ್ಜಿಗೆ 660. ಇಬ್ಬರು ಮನುಷ್ಯಾರಿಗೆ 1,300. ಒಟ್ಟು 17,360. ಅಂದ್ರ 13 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದ ತೂತು, ಹಗಲೂ ರಾತ್ರಿ, ಮಳಿಯೊಳಗ, ಹಿಮದಾಗ ತೆರದೇ ಇರಬೇಕು. ನೋಡ್ರಿ, ಆ ‘ಊದಿನಕಡ್ಡಿ’ ಒಬ್ಬ ಮನುಷ್ಯಾನಷ್ಟು ಗಾಳಿ ಕಿಂಡಿ ಬೇಡ್ತದ. ಮನ್ಯಾಗ ಇನ್ನೊಬ್ಬರು ಮಲಗ್ಯಾರ ಅಂತನ ತಿಳೀಬೇಕು, ಅವರು ಉಸರಿನ ಬದಲಿ ಹೊಗಿ ಬಿಡವರು.

ಅಡಗಿ ಒಲಿ ದಿನಕ್ಕ ಒಂದೆರಡು ತಾಸು ಉರದು ಆರ್ತದ. ಈ ಸಣ್ಣ ಉರಿ ನೀವು ಕಿಡಕಿ ಬಾಗಲಾ ಹಾಕ್ಕೊಂಡು ಗಡದ್ದ ನಿದ್ದಿ ಹೊಡದಾಗ ಉರೀತಿರ್ತದ. ಬರ್ನರ್ ಸ್ವಚ್ಛ ಇದ್ದು ಗಾಳಿ ಸಾಕಷ್ಟಿದ್ರ ನೀಲಿ ಉರಿ. ಹೊಗಿ ಕೊಳವಿಯಿಂದ ಜಂಗಿನ ಹಳಕು ಬರ್ನರ್ ಮ್ಯಾಲ ಬಿತ್ತಂದ್ರ, ಗಾಳಿ ಕಡಿಮಿ ಆತಂದ್ರ, ಉರಿ ಹಳದಿ ಆಗ್ತದ. ಹಳದಿ ಉರಿ ಕಾರ್ಬನ್ ಮೊನಾಕ್ಸೈಡ್ ಮಾಡ್ತದ. ಅದಕ್ಕ ಬಣ್ಣಿಲ್ಲ, ವಾಸನಿಲ್ಲ. ಗ್ಯಾಸಿಗಾದ್ರೂ ಕೆಟ್ಟ ವಾಸನಿ ಕೂಡಿಸಿರ್ತಾರ, ಮೂಗಿಗೆ ಹೊಡೀತದ. ಇದು ಸುಮ್ಮನ ಬಂದು, ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಜೋರಾಗಿ ರಕ್ತಕ್ಕ ಅಂಟಿಕೋತದ.

ಇದು ನನಗ ಹೆಂಗ ಗೊತ್ತು ಅಂದ್ರ, ಪುಸ್ತಕದಿಂದ ಗೊತ್ತಾಗಲಿಲ್ಲ.

ನಾವು ದೋಣಿಗೆ ಬಂದ ಮೊದಲನೇ ಚಳಿಗಾಲ, 2018ರ ಜನವರಿ. ನಮ್ಮ ದೋಣಿಯೊಳಗೂ ಮೊದಲಿನ ಮಾಲಕರು ಕೂಡಿಸಿದ ಗ್ಯಾಸ್ ಫ್ರಿಜ್ಜೇ ಇತ್ತು. ಹಿಂಭಾಗ ತೆರಕೊಂಡಿದ್ದು. ಅತ್ತಿಯವರು ಧಾರವಾಡದಿಂದ ಬಂದಿದ್ರು. ಅವರಿಗೆ 71 ವರ್ಷ, ಥಂಡಿ ತಡ್ಯಾಂಗಿಲ್ಲ. ಬಾಗಲದ ಕೆಳಗಿನ ಜಾಳಗಿಯಿಂದ ಗಾಳಿ ಸುಂಯ್ ಅಂತ ಬರ್ತಿತ್ತು. ನಾ ಏನು ಮಾಡಿದೆ? ನನ್ನ ಹಳೇ ಇಳಕಲ್ ಸೀರಿ ಹರದು ಉಂಡಿ ಮಾಡಿ ಆ ಜಾಳಗಿಗೆ ತುರುಕಿದೆ. ಮ್ಯಾಲಿನ ಛತ್ರಿ ಕಿಂಡಿಗೆ ಬ್ರೆಡ್ಡಿನ ಚೀಲ ಕಟ್ಟಿದೆ. ಕ್ವಾಣಿ ಬೆಚ್ಚಗಾತು. ಅತ್ತಿಯವರು, “ಈಗ ಛಲೋ ಆತು ನೋಡವಾ” ಅಂದ್ರು. ನನಗೂ ದೊಡ್ಡ ಕೆಲಸ ಮಾಡಿದಂಗ ಅನಸ್ತು.

ಮರುದಿನದಿಂದ ಎಲ್ಲಾರಿಗೂ ಮುಂಜಾನೆದ್ದ ಕೂಡಲೇ ತಲಿನೋವು. ಥಂಡಿ ತಲಿಗೇರೇದ ಅಂತ ನಾ ಅಂದೆ. ಪಿತ್ತ ಆಗೇದ ಅಂತ ಅತ್ತಿಯವರು ಅಂದು, ಶುಂಠಿ ಕಷಾಯ ಮಾಡಿ ಕುಡಿಸಿದ್ರು. ನಮ್ಮನಿಯವರು ಕೆಲಸಕ್ಕ ಹೋದ್ರ ಮಧ್ಯಾಹ್ನದ ಹೊತ್ತಿಗೆ ಆರಾಮ ಆಗ್ತಿದ್ರು. ನಾವಿಬ್ಬರು ಒಳಗೇ ಇರ್ತಿದ್ವಿ, ನಮಗ ದಿನಾನೂ ಇರ್ತಿತ್ತು. ಐದನೇ ದಿನ ಅತ್ತಿಯವರು ಏಳಲೇ ಇಲ್ಲ. ಎಂಥಾ ಥಂಡಿ ಇದ್ರೂ ಐದಕ್ಕ ಎದ್ದು ಚಾ ಇಡೋರು. ಎಂಟಕ್ಕ ಎಬ್ಬಿಸಿದ್ರ, “ಗ್ವಾಡಿ ತೇಲ್ಯಾಡಾಕತ್ತಾವ” ಅಂದು ವಾಂತಿ ಮಾಡ್ಕೊಂಡ್ರು. ಅವರು ಮಲಗ್ತಿದ್ದದ್ದು ಊಟದ ಬಾಕಿನ ಮ್ಯಾಲ, ಫ್ರಿಜ್ಜಿನಿಂದ ನಾಕು ಅಡಿ.

ಪುಣ್ಯಾಕ್ಕ ಆ ಹೊತ್ತಿಗೆ ಹಿಂದಿನ ದೋಣಿಯ ಅಜ್ಜಿ ಏನೋ ಕೇಳ್ಲಿಕ್ಕೆ ಬಂದ್ರು. ನರ್ಸ್ ಆಗಿ ನಿವೃತ್ತಿ ಆದವರು. ಬಾಗಲದಾಗ ನಿಂತು ಒಮ್ಮೆ ಒಳಗ ನೋಡಿದ್ರು, ನನ್ನ ಸೀರಿ ಉಂಡಿ ನೋಡಿದ್ರು. “ಹೊರಗ ಹೋದ್ರ ತಲಿನೋವು ಕಡಿಮಿ ಆಗ್ತದೇನು?” ಅಂತ ಒಂದೇ ಮಾತು ಕೇಳಿದ್ರು. ಎಲ್ಲಾರನ್ನೂ ದಂಡಿಗೆ ಎಳದು ಕೂಡಿಸಿದ್ರು. ತಮ್ಮ ದೋಣಿಯಿಂದ ಅಲಾರಂ ತಂದು ನಮ್ಮ ಊಟದ ಮೇಜಿನ ಮ್ಯಾಲ ಇಟ್ಟು ಹೊರಗ ಬಂದ್ರು. ಸ್ವಲ್ಪ ಹೊತ್ತಿನಾಗ ಅದು ಒದರಲಿಕ್ಕೆ ಹತ್ತಿತು. ಇವತ್ತಿಗೂ ಆ ದನಿ ನನಗ ಕನಸಿನ್ಯಾಗ ಬರ್ತದ.

ದವಾಖಾನಿಯೊಳಗ ಅತ್ತಿಯವರಿಗೆ ಆಮ್ಲಜನಕ ಹಚ್ಚಿದ್ರು. ಆರಾಮ ಆದ್ರು. ಫ್ರಿಜ್ಜು ಬಿಚ್ಚಿ ನೋಡಿದ್ರ ಬರ್ನರ್ ಮ್ಯಾಲ ಅಂಗೈ ತುಂಬ ಜಂಗು. ಗ್ಯಾಸಿನವರು ಪೈಪಿಗೆ ಬಿರಡಿ ಹಾಕಿ ಹೋದ್ರು. ಆ ಚಳಿಗಾಲ ಪೂರ್ತಿ ಹಾಲು ಮಸರು ಹೊರಗ ಬಕೀಟಿನ್ಯಾಗ ಇಟ್ವಿ. ಅತ್ತಿಯವರು ಊರಿಗೆ ಹೋದ ಮ್ಯಾಲೂ ಯಾರಿಗೂ ಇದನ್ನ ಹೇಳಲಿಲ್ಲ. ಸೊಸಿ ಸೀರಿ ತುರುಕಿದ್ಲು ಅಂತ ಮಂದಿ ಅಂದಾರು ಅಂತ. ಇವತ್ತ ನಾನ ಹೇಳೇನಿ.

ಮೂರನೇದು, “ಮೂವತ್ತು ವರ್ಷದಿಂದ ಹಿಂಗೇ ನಡದದ, ಏನೂ ಆಗಿಲ್ಲ.”

ನಮಗೂ ನಾಕು ದಿನ ಏನೂ ಆಗಿರಲಿಲ್ಲ. ಏನೂ ಆಗದವರು ಹೇಳಲಿಕ್ಕೆ ಉಳದಿರ್ತಾರ. ಆದವರು ಬಂದು ಹೇಳಂಗಿಲ್ಲ. ಮೂವತ್ತು ವರ್ಷ ಆ ಮಾಲಕರ ಕಿಂಡಿ ತೆರದಿರಬಹುದು, ಅವರ ಮನ್ಯಾಗ ಥಂಡಿ ತಡೀಲಾರದ ಮುದುಕಿ ಇರಲಿಕ್ಕಿಲ್ಲ, ಕೂಸು ಇರಲಿಕ್ಕಿಲ್ಲ. ಜಂಗು ಮೂವತ್ತನೇ ವರ್ಷ ಮೊದಲನೇ ವರ್ಷಕ್ಕಿಂತ ಕಡಿಮಿ ಬೀಳ್ತದೇನು? ಹಳೇದಾದಷ್ಟೂ ಇದು ಭರೋಸಾದ್ದು ಆಗಂಗಿಲ್ಲ, ಸವೀತದ.

ನಾಕನೇದು, “ಸರ್ಟಿಫಿಕೇಟ್ ಅದಲ್ಲ!”

ಇದು ಎಲ್ಲಾಕ್ಕಿಂತ ಕೆಟ್ಟ ಭ್ರಮಾ. ಇಲ್ಲಿ ಬೋಟ್ ಸೇಫ್ಟಿ ಸ್ಕೀಮ್ ಅಂತ 1997ರಿಂದ ಅದ. ಕಾಲುವಿ ನೋಡ್ಕೊಳ್ಳೋರು, ನದಿ ನೋಡ್ಕೊಳ್ಳೋರು ಕೂಡಿ ಮಾಡಿದ್ದು. ನಾಕು ವರ್ಷಕ್ಕೊಮ್ಮೆ ಪರೀಕ್ಷಾ. ಅದು ಪಾಸ್ ಆಗದ ಲೈಸನ್ಸ್ ಸಿಗಂಗಿಲ್ಲ. ಪರೀಕ್ಷಾ ಮಾಡವರು ಸಿಲಿಂಡರಿನ ಪೆಟಗಿ ನೋಡ್ತಾರ. ಸೋರಿದ ಗ್ಯಾಸ್ ಪೆಟಗಿ ತಳದ ತೂತಿನಿಂದ ದೋಣಿ ಹೊರಗ, ನೀರಿನ ಮಟ್ಟಕ್ಕಿಂತ ಮ್ಯಾಲ ಬೀಳಬೇಕು, ಒಳಗಿನ ಮನಿಗೆ ಬರಬಾರದು. ಸಿಲಿಂಡರ್ ನೆಟ್ಟಗ ನಿಂತು ಬಿಗದಿರಬೇಕು. ರಬ್ಬರ್ ಪೈಪ್ ಯಾವುದು, ಎಲ್ಲೆರೆ ಬಿರಕು ಬಿಟ್ಟದೇನು ನೋಡ್ತಾರ. ಉರಿ ಆರಿದ್ರ ಗ್ಯಾಸ್ ತಾನಾಗೇ ನಿಲ್ಲಬೇಕು. ಒತ್ತಡ ಇಟ್ಟು ಸೋರ್ತದೋ ಇಲ್ಲೋ ಅಂತ ತಪಾಸ ಮಾಡ್ತಾರ. 2019ರ ಏಪ್ರಿಲ್ 1ರಿಂದ ಮಲಗೋ ಜಾಗಾ ಇರೋ ದೋಣಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ ಮಾಡ್ಯಾರ. ಇವೆಲ್ಲಾ ಛಲೋ ನಿಯಮಾನ. ರೊಕ್ಕ ಹೊಡೀಲಿಕ್ಕೆ ಮಾಡ್ಯಾರ ಅನ್ನೋರಿಗೆ ನಾ ಒಂದು ಮಾತು ಕೇಳ್ತೇನಿ. ಇವುಗಳೊಳಗ ಯಾವ ನಿಯಮ ತಗದು ಹಾಕಬೇಕು? ಹೆಸರು ಹಿಡದು ಹೇಳ್ರಿ. ಪೆಟಗಿ ತೂತು ಬ್ಯಾಡೋ? ಅಲಾರಂ ಬ್ಯಾಡೋ? ಹಿಂಗ ಕೇಳಿದ್ರ ಯಾರೂ ಬಾಯಿ ಬಿಡಂಗಿಲ್ಲ.

ಆದ್ರ ಸರ್ಟಿಫಿಕೇಟು ಪರೀಕ್ಷಾ ಮಾಡಿದ ದಿನದ್ದು. ಅವರು ಹೋದ ಮರುದಿನ ನೀವು ಕಾರವಾನಿನ ಫ್ರಿಜ್ಜು ತಂದು ಕೂಡಿಸಿದ್ರ, ಆ ಕಾಗದ ನಿಮ್ಮನ್ನ ಕಾಯಂಗಿಲ್ಲ. ನಮ್ಮ ದೋಣಿಗೂ ಸರ್ಟಿಫಿಕೇಟ್ ಇತ್ತು. ಅದರಾಗ ನನ್ನ ಇಳಕಲ್ ಸೀರಿ ಬಗ್ಗೆ ಏನೂ ಬರದಿರಲಿಲ್ಲ.

ಈಗ ನಿಯಮ ಮಾಡವರ ಕೂಡ ನನ್ನ ಜಗಳ. ಬರೀ ದೋಣಿ ಮಂದಿಗಷ್ಟೇ ಬೈದ್ರ ನ್ಯಾಯ ಆಗಂಗಿಲ್ಲ.

ಆ ಗಾಳಿ ಕಿಂಡಿ ಲೆಕ್ಕ ಹೇಳಿದೆನಲ್ಲ, ಬಾಡಿಗಿಗೆ ಕೊಡೋ ದೋಣಿಗೆ ಅದು ಕಡ್ಡಾಯ. ಸ್ವಂತ ದೋಣಿಗೆ? ಬರೀ ಸಲಹಾ. ಪರೀಕ್ಷಾ ಮಾಡವರು ಅಳೀತಾರ, ಕಡಿಮಿ ಇದ್ರ ಹೇಳ್ತಾರ, ಪಾಸ್ ಮಾಡ್ತಾರ. ಯಾಕಂದ್ರ ಈ ಯೋಜನೆಯ ಮುಖ್ಯ ಉದ್ದೇಶ ಬಾಜೂದವರನ್ನ, ಕಾಲುವಿಯೊಳಗಿನ ಉಳದವರನ್ನ ಕಾಯೂದು. ಮಾಲಕ ತನ್ನ ಜೀವಕ್ಕ ತಾನ ಜವಾಬ್ದಾರ. ಸ್ವಂತ ಮನಿಯೊಳಗ ಸರಕಾರ ಮೂಗು ತೂರಸಬಾರದು ಅನ್ನೋ ತತ್ವ ಕೇಳಲಿಕ್ಕೆ ಛಲೋನ ಅದ.

ಆದ್ರ ಹೇಳ್ರಿ, ನಮ್ಮತ್ತಿಯವರು ಆ ದೋಣಿಯ ಮಾಲಕರೇನು? ಆ ಎರಡು ವರ್ಷದ ಕೂಸು ಮಾಲಕಳೇನು? ಅದು ಯಾವ ಕಾಗದಕ್ಕ ಸಹಿ ಹಾಕೇದ? ಮಾಲಕ ಒಬ್ಬನೇ ಇರೋ ಮನಿ ಎಷ್ಟದಾವ? ಮನಿ ಅಂದ ಮ್ಯಾಲೆ ಬಂದವ್ರು, ಹೋದವ್ರು, ಮುದುಕರು, ಕೂಸು ಕುನ್ನಿ ಎಲ್ಲಾ ಇರ್ತಾರ. ಒಬ್ಬರ ಉರಿ ಇನ್ನೊಬ್ಬರ ಉಸರಿಗೆ ಬರ್ತದ ಅಂತನ ಅಲಾರಂ ಕಡ್ಡಾಯ ಮಾಡಿದ್ರು. ಅದೇ ಮಾತು ಕಿಂಡಿಗೂ ಹತ್ತಬೇಕು. ಮಂದಿ ಮಲಗೋ ದೋಣಿಯೊಳಗ, ಹೊಗಿ ಒಳಗೇ ಬಿಡೋ, ರಾತ್ರಿ ಆರಸದ ಉರಿ ಇದ್ರ, ಕಿಂಡಿ ಲೆಕ್ಕ ಸ್ವಂತ ದೋಣಿಗೂ ಕಡ್ಡಾಯ ಆಗಬೇಕು. ಲೆಕ್ಕಕ್ಕ ಬರದಿದ್ರ ಉರಿ ಬಂದ್. ಅಲಾರಂ ಅನ್ನೋದು ಕಳ್ಳ ಒಳಗ ಬಂದ ಮ್ಯಾಲೆ ಬೊಗಳೋ ನಾಯಿ. ಕಿಂಡಿ ಕಳ್ಳನ್ನ ಹೊರಗ ಹಾಕ್ತದ.

ಗ್ಯಾಸಿನ ಕೆಲಸ ಮಾಡವರ ಬಗ್ಗೆ ಕಾಯದೆ ಅದ. 1998ರ ಗ್ಯಾಸ್ ಸುರಕ್ಷಾ ನಿಯಮಗಳು ಮಂದಿ ವಾಸ ಮಾಡೋ ದೋಣಿಗೂ ಹತ್ತತಾವ. ರೊಕ್ಕ ತಗೊಂಡು ಕೆಲಸ ಮಾಡವರ ಹೆಸರು ಗ್ಯಾಸ್ ಸೇಫ್ ರಿಜಿಸ್ಟರಿನ್ಯಾಗ ಇರಬೇಕು. ಬರೀ ಇದ್ರ ಸಾಲದು. ಅವರ ಕಾರ್ಡಿನ ಹಿಂದ ಯಾವ ಯಾವ ಕೆಲಸಕ್ಕ ಅರ್ಹರು ಅಂತ ಬರದಿರ್ತದ. ಮನಿಯ ಬಾಯ್ಲರ್ ರಿಪೇರಿ ಮಾಡವರಿಗೆ ದೋಣಿಯ ಎಲ್‌ಪಿಜಿ ಕೆಲಸ ಬರಬೇಕಂತ ಇಲ್ಲ. ಕಾರ್ಡ್ ತೋರಸ್ರಿ ಅನ್ನಲಿಕ್ಕೆ ನಮ್ಮ ಮಂದಿಗೆ ಸಂಕೋಚ. ಹೆಂಗ ಕೇಳೂದು, ಏನು ತಿಳ್ಕೋತಾರೋ ಅಂತ. ಧಾರವಾಡದಾಗ ಸಿಲಿಂಡರ್ ತಂದವನಿಗೆ, “ತಮ್ಮಾ, ಸೋರ್ತದೇನು ನೋಡಿ ಹೋಗು” ಅಂತ ಅವ್ವ ನಿಲ್ಲಿಸಿ ಹೇಳ್ತಿದ್ಲು. ಅವಗ ಸಿಟ್ಟು ಬಂತೇನು? ಇಲ್ಲೆ ಇಂಗ್ಲೀಷಿನ್ಯಾಗ ಕೇಳಬೇಕು ಅನ್ನೋದೊಂದೇ ಫರಕು.

ಇನ್ನ ರೊಕ್ಕದ ಮಾತು. ಇದು ಖರೇ ಕಷ್ಟ, ನಾ ಹಗೂರ ಮಾಡಂಗಿಲ್ಲ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು ತುಟ್ಟಿ. ಅದಕ್ಕ ತಕ್ಕ ಬ್ಯಾಟರಿ, ಸೋಲಾರ್ ಇನ್ನೂ ತುಟ್ಟಿ. ಬಾಡಿಗಿ ಕಟ್ಟಲಾರದ ದೋಣಿಗೆ ಬಂದವರಿಗೆ, “ಮೊದಲ ಇಷ್ಟು ಖರ್ಚು ಮಾಡ್ರಿ” ಅನ್ನೂದು ಸರಳ ಅಲ್ಲ. ಸೋವಿ ಫ್ರಿಜ್ಜಿಗೆ ಕೈ ಹಾಕವರು ಮೂರ್ಖರಲ್ಲ, ಕೈ ಬಿಗಿ ಇದ್ದವರು. ಆದ್ರ ಲೆಕ್ಕ ಪೂರ್ತಿ ಹಾಕ್ರಿ. ಹಳೇ ಗ್ಯಾಸ್ ಫ್ರಿಜ್ಜಿಗೆ ಕೊಡೋ ರೊಕ್ಕಷ್ಟೇ ಅಲ್ಲ, ವರ್ಷಾ ಬರ್ನರ್ ಸ್ವಚ್ಛ ಮಾಡಸಬೇಕು, ದಿನಾ ಗ್ಯಾಸ್ ಸುಡಬೇಕು, ಕಿಂಡಿಯಿಂದ ಬರೋ ಥಂಡಿಗೆ ಸೌದಿ ಹೆಚ್ಚು ಹಾಕಬೇಕು. ಮತ್ತ ದೋಣಿ ಸ್ವಲ್ಪ ಓರಿ ಆತಂದ್ರ ಆ ಫ್ರಿಜ್ಜು ಥಂಡಾ ಮಾಡೂದನ ಬಿಡ್ತದ. ಹಾಲು ಒಡದ ಮ್ಯಾಲೆ ಗೊತ್ತಾಗ್ತದ.

ಇಷ್ಟಾದ್ರೂ ಗ್ಯಾಸ್ ಫ್ರಿಜ್ಜೇ ಬೇಕಂದ್ರ, ಹೆಂಗ ಇರಬೇಕು ಹೇಳ್ತೇನಿ. ದೋಣಿಯೊಳಗ ಕೂಡಸಬಹುದು ಅಂತ ತಯಾರು ಮಾಡಿದವರೇ ಬರದಿರಬೇಕು. ಉರಿಗೆ ಗಾಳಿ ಹೊರಗಿಂದ, ಹೊಗಿ ಹೊರಕ್ಕ, ನಡುವ ನಿಮ್ಮ ಕ್ವಾಣಿಗೆ ಸಂಬಂಧ ಇರಬಾರದು. ದೋಣಿ ಗ್ಯಾಸ್ ಬಲ್ಲವರು ಕೂಡಸಬೇಕು. ಸಿಲಿಂಡರ್ ಪೆಟಗಿಯೊಳಗ ಗುಳ್ಳಿ ತೋರಿಸೋ ಯಂತ್ರ ಹಾಕಸ್ರಿ. ಸಿಲಿಂಡರ್ ಚಾಲೂ ಇಟ್ಟು, ಉರಿ ಎಲ್ಲಾ ಆರಿಸಿ, ಗುಂಡಿ ಒತ್ತಿ ನೋಡಿದ್ರ ಆತು. ಗುಳ್ಳಿ ಬಂತೋ, ಎಲ್ಲೋ ಸೋರ್ತದ. ನಾ ಈಗ ಅಡಗಿ ಒಲಿ ಒಂದಕ್ಕೇ ಗ್ಯಾಸ್ ಇಟ್ಟೇನಿ, ಆದ್ರೂ ವಾರಕ್ಕೊಮ್ಮೆ ಒತ್ತಿ ನೋಡ್ತೇನಿ. ಅಲಾರಂ ದೋಣಿ, ಕಾರವಾನಿಗಂತ ಮಾಡಿದ್ದೇ ಇರಲಿ, ಮಲಗೋ ಜಾಗದಾಗ ಉಸರಿನ ಎತ್ತರಕ್ಕ ಇರಲಿ, ಅಡಗಿ ಮನ್ಯಾಗ ಇನ್ನೊಂದು. ಮತ್ತ ಕಿಂಡಿಗೆ ಸೀರಿ, ಕಾಲಚೀಲ, ಬ್ರೆಡ್ಡಿನ ಚೀಲ ಏನೂ ತುರುಕಬ್ಯಾಡ್ರಿ. ಥಂಡಿ ಆದ್ರ ಇನ್ನೊಂದು ಕೌದಿ ಹೊದ್ಕೋರಿ.

ಹುಡುಗಾ, ನೀ ಓದಾಕತ್ತಿದ್ರ, ಅವತ್ತಿನ ನನ್ನ ದನಿಗೆ ಕ್ಷಮಾ ಇರಲಿ. ಮಾತಿಗೆ ಮಾತ್ರ ಕ್ಷಮಾ ಕೇಳಂಗಿಲ್ಲ. ನಿಮ್ಮ ದೋಣಿಯ ನಕ್ಷಾ ತೋರಿಸಿದ್ಯಲ್ಲ, ಕೂಸಿನ ಹಾಸಗಿ ಎಲ್ಲೆ ಅದ ನೋಡಿದ್ಯೇನು? ಫ್ರಿಜ್ಜಿನ ಗ್ವಾಡಿ ಆಚಿಗೆ, ಒಂದೂವರಿ ಹಲಿಗಿ ಅಂತರ. ನಮ್ಮತ್ತಿಯವರು ನಾಕು ಅಡಿ ದೂರ ಇದ್ರು.

ಮುಂದಿನ ತಿಂಗಳು ಹಾಲು ಉಕ್ಕಸಲಿಕ್ಕೆ ನಮ್ಮನ್ನ ಕರದೀರಿ. ಬರ್ತೇವಿ. ಸ್ಟೀಲಿನ ಡಬರಿ ತರಬೇಕು ಅಂತ ಇದ್ದೆ, ಅದರ ಬದಲಿ ಎರಡು ಅಲಾರಂ ತರ್ತೇನಿ. ನಮ್ಮನಿಯವರು ನಮ್ಮ ಹಳೇ ಸಣ್ಣ ಕಂಪ್ರೆಸರ್ ಫ್ರಿಜ್ಜು ತಿಕ್ಕಿ ತೊಳದು ಇಟ್ಟಾರ. ಮ್ಯಾಲಿನ ಮುಚ್ಚಳ ಸ್ವಲ್ಪ ಮುರದದ, ಆದ್ರ ಥಂಡಾ ಮಾಡ್ತದ. ರೊಕ್ಕ ಬ್ಯಾಡ. ಬಂದು ಒಯ್ಯಿರಿ.